ಕಲಾಯಿಯಾಕೆ ತಿಕ್ಕಿದ ಮಸಿ

ಹೋದ ವಾರ ಹೈದರಾಬಾದಿನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಮೂಲ ಚಿಂಚೋಳಿ ಕಡೆಯವಳಂತೆ, ಈಗ ಅಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಕಾಗಿಣಾ ನದಿ ದಂಡೆಯ ದಿಬ್ಬವನ್ನು ಹಿಂದೊಮ್ಮೆ ಅಗೆದಾಗ ಸಿಕ್ಕ ಮಡಕೆ ಚೂರುಗಳ ಪಟ್ಟಿ ಈಗ ಕಂಪ್ಯೂಟರಿನಲ್ಲಿ ಎಲ್ಲರಿಗೂ ಸಿಗುತ್ತದೆ. ಅದನ್ನು ಮೊದಲಿಂದ ಕೊನೆಯವರೆಗೆ ಓದಿದ್ದಾಳೆ. ನಾನು ಅದೇ ಚೂರುಗಳ ಮೇಲೆ ಕೆಲಸ ಮಾಡಿದವಳೆಂದು ಯಾರೋ ಹೇಳಿದ್ದರಂತೆ.

"ಮೇಡಂ, ನಾಕು ಸಾವಿರ ಚೂರಿನಾಗ ಒಂದಕ್ಕೂ ಮಸಿ ಇಲ್ಲ. ಆ ದಿಬ್ಬದಾಗ ಯಾರೂ ಅಡಿಗಿ ಮಾಡಿಲ್ಲ, ಬರೇ ಪೂಜಾಕ್ಕ ಬಂದು ಹೋಗ್ಯಾರ ಅಂತ ಬರೀಲಿಕತ್ತೀನಿ. ನೀವೇನಂತೀರಿ?"

ಕುಂತಿದ್ದವಳು ಎದ್ದು ನಿಂತೆ. "ಷರಾ ಅಂತ ಒಂದು ಅಂಕಣ ಇರ್ತದಲ್ಲಮ್ಮ, ಅದನ್ನ ನೋಡಿದೇನು?"

"ಷರಾ? ಅಂಥ ಕಾಲಮ್ಮೇ ಇಲ್ಲಲ್ರೀ ಮೇಡಂ."

ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದವರಿಗೆ ಫೋನ್ ಹಚ್ಚಿದೆ. ಆ ಮನುಷ್ಯ ಬಹಳ ಮರ್ಯಾದೆಯಿಂದಲೇ ಮಾತಾಡಿದ. "ಹೌದ್ರಿ, ಇತ್ತು. ಎಲ್ಲಾ ಸಾಲಿಗೂ ಅದೇ ಮಾತು ಬರದಿದ್ರು ಮೇಡಂ. ಸುಮ್ನ ಜಾಗ ತಿಂತಿತ್ತು, ತಗದೀವಿ" ಎಂದ.

ಅದೇ ಮಾತನ್ನು ನಾಲ್ಕು ಸಾವಿರ ಸಲ ಬರೆದ ಕೈ ನನ್ನದು. ಬರೆಸಿದವರು ಎರಡು ತಿಂಗಳ ಹಿಂದೆ ವಾಡಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಇದ್ದಿದ್ದರೆ ಆ ಕಚೇರಿಗೆ ಹೋಗಿ, ಬಾಗಿಲಲ್ಲಿ ಚಕ್ಕಳಮಕ್ಕಳ ಹಾಕಿ ಕುಂತು, ಅಂಕಣ ವಾಪಸ್ ಬರುವವರೆಗೆ ಏಳುತ್ತಿರಲಿಲ್ಲ. ಅವರಿಲ್ಲ, ಅದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ. ಓದಿ ಯಾರಿಗಾದರೂ ಸಿಟ್ಟು ಬಂದರೆ ಬರಲಿ.

ಅವರನ್ನು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಹೆಸರು ಬರೆಯುವುದಿಲ್ಲ. ಅದಕ್ಕೆ ಕಾರಣ ಅವರೇ ಹೇಳಿದ್ದು, ಮುಂದೆ ಬರುತ್ತದೆ. ಅವರ ಯಜಮಾನರು ಕಲಾಯಿ ಹಾಕುವವರು. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಒಳಗಡೆ ತವರ ಬಳಿಯುವ ಕೆಲಸ. ತಿದಿ, ಇದ್ದಿಲು, ನವಸಾಗರ ಕಟ್ಟಿಕೊಂಡು ಇಬ್ಬರೂ ವಾಡಿಯಿಂದ ಹೊರಟು ಸೇಡಂ, ಚಿತ್ತಾಪುರ, ಚಿಂಚೋಳಿಯ ತೆಲುಗು ಗಡಿಯ ತನಕ ಊರೂರು ತಿರುಗಿದವರು. ಯಜಮಾನರು ತವರ ಹಾಕುವ ಮೊದಲು ಪಾತ್ರೆ ತಿಕ್ಕಿ ಥಳಥಳ ಮಾಡಿಕೊಡುವುದು ಖಾಲಾ ಕೆಲಸ. ಒಂದು ಚುಕ್ಕೆ ಮಸಿ ಉಳಿದರೂ ತವರ ಹಿಡಿಯುವುದಿಲ್ಲ. "ಮಸಿ ಉಳದ್ರ ನಮ್ಮ ಮನಿ ಇಜ್ಜತ್ ಹೋದಂಗ" ಎನ್ನುತ್ತಿದ್ದರು. ಸ್ಟೀಲು ಪಾತ್ರೆ ಬಂತು, ಕಲಾಯಿ ಹೋಯಿತು, ಯಜಮಾನರೂ ಹೋದರು. ಅದೇ ಹೊತ್ತಿಗೆ ದಿಬ್ಬ ಅಗೆಯುವವರು ಬಂದು, ಸಿಕ್ಕ ಮಡಕೆ ಚೂರು ತೊಳೆಯಲು ಹೆಂಗಸರು ಬೇಕು ಎಂದರು. ಖಾಲಾ ಹೋದರು.

ನಾನು ಅವರನ್ನು ಕಂಡದ್ದು ಅದೆಲ್ಲ ಮುಗಿದು ಹದಿನೆಂಟು ವರ್ಷಕ್ಕೆ. ಚೂರುಗಳನ್ನೆಲ್ಲ ಟ್ರಂಕುಗಳಲ್ಲಿ ತುಂಬಿ ಶಹಾಬಾದದ ಒಂದು ಬಾಡಿಗೆ ಗೋದಾಮಿನಲ್ಲಿ ಇಟ್ಟಿದ್ದರು. ಪಕ್ಕದಲ್ಲೇ ಕಲ್ಲು ಪಾಲಿಶ್ ಮಾಡುವ ಅಂಗಳ, ಇಡೀ ದಿನ ಮಷೀನಿನ ಕಿರ್ರೆನ್ನುವ ಸದ್ದು. ಖಾಲಾ ಅಲ್ಲಿ ದಿನಗೂಲಿಯ ಮೇಲೆ ಕಸ ಹೊಡೆದು ಕಾವಲಿದ್ದರು. ನಾನು ಆಡಕಿಯ ರೈತರ ಮನೆಯಿಂದ ಮೊದಲ ಸಲ ಹೊರಬಿದ್ದು, ಪಿಎಚ್‌ಡಿ ಮಾಡುತ್ತೇನೆಂದು ಬೀಗಿಕೊಂಡು ಬಂದವಳು.

ಮೊದಲ ದಿನವೇ ಬೈಸಿಕೊಂಡೆ. ಕಾಲು ನೋಯುತ್ತಿದೆ ಎಂದು ಒಂದು ಟ್ರಂಕಿನ ಮೇಲೆ ಕುಂತೆ.

"ಏಳು ಅಲ್ಲಿಂದ! ಅದರಾಗ ಮಂದಿ ಅದಾರ."

"ಬೋಕಿ ಅಲ್ಲೇನ್ರಿ ಖಾಲಾ ಅದರಾಗ ಇರೋದು?" ಎಂದೆ. ಮಡಕೆ ಚೂರಿಗೆ ನಮ್ಮ ಕಡೆ ಬೋಕಿ ಎನ್ನುತ್ತಾರೆ.

"ಬೋಕಿ ತಾನ ಹುಟ್ಟಿ ಬಂತೇನು? ಕುಂದ್ರಾದಿದ್ರ ಆ ಕಲ್ಲಿನ ಮ್ಯಾಲ ಕುಂದ್ರು."

ದೊಡ್ಡ ಅಧಿಕಾರಿಯೊಬ್ಬರು ಬಂದಾಗಲೂ ಇದೇ ಮಾತು ಹೇಳಿ ಎಬ್ಬಿಸಿದರು. ಅವರು ನಕ್ಕು ಎದ್ದರು. ನಗದಿದ್ದರೂ ಏಳಲೇಬೇಕಾಗುತ್ತಿತ್ತು.

ಮಸಿ ಓದುವುದರಲ್ಲಿ ಖಾಲಾರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಪಾತ್ರೆಯ ತಳ ನೋಡಿ ಯಾವ ಉರುವಲು, ಎಂಥ ಒಲೆ, ಆ ಮನೆಯ ಹೆಂಗಸು ಅವಸರದವಳೋ ನಿಧಾನದವಳೋ ಎಂದು ಹೇಳುತ್ತಿದ್ದರು. ತೊಗರಿ ಕಟ್ಟಿಗೆಯ ಮಸಿ ಬೇರೆ, ಹತ್ತಿ ಕಟ್ಟಿಗೆಯದು ಬೇರೆ. ಒಮ್ಮೆ ಸ್ಟೇಷನ್ ಎದುರಿನ ಅಂಗಡಿಯಲ್ಲಿ ಚಹಾ ಹೇಳಿ, ಕಿಟ್ಲಿ ನೋಡಿದವರೇ ಎದ್ದರು. "ಇಂವಾ ಇವತ್ತ ಟೈರ್ ಸುಟ್ಟಾನ. ನಡಿ, ಈ ಚಾ ಬ್ಯಾಡ." ಅಂಗಡಿಯವನು ಅಲ್ಲಗಳೆಯಲಿಲ್ಲ, ತಲೆ ಕೆರೆದುಕೊಂಡ. ನಾನು ನಗುತ್ತಾ ಹಿಂದೆ ಹೋದೆ. ಇಂಥ ವಿದ್ಯೆ ಪಕ್ಕದಲ್ಲೇ ಇದೆ, ಒಂದು ಪ್ರಶ್ನೆ ಕೇಳೋಣ ಎಂದು ನನಗೆ ಹೊಳೆಯಲಿಲ್ಲ. ಓದಿದವರ ಹಣೆಬರಹ ಅಷ್ಟೇ.

ಎರಡು ವರ್ಷ ಚೂರುಗಳನ್ನು ಅಳೆದೆ, ಚಿತ್ರ ಬಿಡಿಸಿದೆ. ಒಂದರಲ್ಲೂ ಮಸಿ ಇರಲಿಲ್ಲ. ಎಲ್ಲ ಅಷ್ಟು ಚೊಕ್ಕ. ಒಲೆಯನ್ನೇ ಕಾಣದ ಗಡಿಗೆಗಳು ಇವು, ಆದ್ದರಿಂದ ದಿಬ್ಬದಲ್ಲಿ ಜನ ಬಾಳಿಲ್ಲ, ದೊಡ್ಡವರು ಹಬ್ಬ ಹುಣ್ಣಿಮೆಗೆ ಬಂದು ಪೂಜೆ ಮುಗಿಸಿ ಹೋಗುತ್ತಿದ್ದ ಜಾಗ ಅದು ಎಂದು ಬರೆದೆ. ನನ್ನ ಇಡೀ ಪ್ರಬಂಧ ಆ ಒಂದು ಮಾತಿನ ಮೇಲೆ ನಿಂತಿತ್ತು. ಮಾರ್ಗದರ್ಶಕರಾದ ಸರ್‌ಗೆ ಭಾರಿ ಖುಷಿ. ದಿಬ್ಬ ಅಗೆಸಿದವರೂ ಅವರೇ, ತಮ್ಮ ಪುಸ್ತಕದಲ್ಲಿ ಅದನ್ನೇ ಹೇಳಿದವರೂ ಅವರೇ. ಇನ್ನೊಂದು ತಿಂಗಳಿಗೆ ಪ್ರಬಂಧ ಒಪ್ಪಿಸುವುದೆಂದು ನಿಗದಿಯಾಯಿತು.

ಆ ಖುಷಿಯಲ್ಲಿ ಮಧ್ಯಾಹ್ನ ರೊಟ್ಟಿ ಬಿಚ್ಚಿಕೊಂಡು ಕುಂತಾಗ ಖಾಲಾಗೆ ಹೇಳಿದೆ. ಅವರು ಮುರಿದ ರೊಟ್ಟಿ ಕೈಯಲ್ಲೇ ಹಿಡಿದುಕೊಂಡರು.

"ಯಾರೂ ಅಡಿಗಿ ಮಾಡಿಲ್ಲ? ಯಾರು ಹೇಳ್ಯಾರ ನಿನಗ?"

"ಮಸಿ ಇಲ್ಲಲ್ರಿ ಖಾಲಾ, ಒಂದರಾಗೂ."

"ಅರೇ, ಮಸಿ ಹೆಂಗ ಇರ್ತದ? ನಾ ತಿಕ್ಕೀನಲ್ಲ!"

ರೊಟ್ಟಿ ಅಲ್ಲೇ ಇಟ್ಟು ಹೇಳತೊಡಗಿದರು. "ಅವ್ರು ಒಂದು ಬುರುಶ್ ಕೊಟ್ಟಿದ್ರು, ಬಕೀಟ ನೀರು ಕೊಟ್ಟಿದ್ರು. ಬರೇ ನೀರಿಗಿ ಮಸಿ ಹೋಗತದೇನು? ಮನಿಯಿಂದ ಇಟ್ಟಂಗಿ ಪುಡಿ ತಂದೆ, ಹುಣಸಿಹಣ್ಣು ತಂದೆ, ನಾರು ತಂದೆ. ಕರ್ರಗ ಇರ್ತಿದ್ದು ಬೇಟಿ, ಕೊರಳ ತನಕ ಕರ್ರಗ. ಒಂದೊಂದು ಬೋಕಿ ತಿಕ್ಕಿ ತಿಕ್ಕಿ ಬಿಸಲಿಗಿ ಇಟ್ಟೀನಿ. ಉಳದ ಹೆಂಗಸ್ರಿಗೂ ಕಲಿಸೀನಿ. ನಿಮ್ಮ ಸರ್ ಬಂದ ಮಂದಿನ್ನೆಲ್ಲ ಕರಕೊಂಡು ಬಂದು ತೋರಸ್ತಿದ್ರು, ನೋಡ್ರಿ ಹೆಂಗ ತೊಳದಾಳ ಅಂತ. ಕಲಾಯಿಯವ್ರ ಮನಿಯಾಕಿ ಮಸಿ ಬಿಟ್ಟು ಕೊಡತಾಳೇನು?"

"ಇಷ್ಟು ದಿನ ಯಾಕ ಹೇಳಲಿಲ್ರಿ?"

"ನೀವು ಯಾರರ ಕೇಳಿದ್ರೇನು?"

ಆಗ ನಾನು ಆಡಿದ ಮಾತನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. "ಖಾಲಾ, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ನಿಮ್ಮ ತಪ್ಪು ಅಂತಾರ, ನಿಮ್ಮ ಕೆಲಸ ಹೋಗತದ" ಎಂದೆ. ಅವರ ಕೆಲಸದ ಚಿಂತೆ ನನಗಿರಲಿಲ್ಲ. ನನ್ನ ಪ್ರಬಂಧದ ಚಿಂತೆ ಇತ್ತು.

ಅದು ಅವರಿಗೂ ತಿಳಿಯಿತು. "ನನ್ನ ತಪ್ಪು ಮುಚ್ಚಾಕ ನೀ ಯಾರು?" ಎಂದರು. "ತಪ್ಪು ಮಾಡೀನಿ, ನಾನೇ ಹೇಳ್ತೀನಿ. ಅಲ್ಲಿ ಹೆಂಗಸ್ರು ಮಂದಿಗಿ ಬೇಯಿಸಿ ಹಾಕ್ಯಾರ. ಅವ್ರ ಮಸಿ ನನ್ನ ಉಗುರಾಗ ಕುಂತಿತ್ತು. ಅವ್ರು ಇದ್ದಿಲ್ಲ ಅಂತ ನೀ ಬರೀತಿ? ನಾ ಇರೂ ತನಕ ಬರಿ ನೋಡಾಮು."

ಮರುದಿನ ಸರ್ ಬಂದರು. ಖಾಲಾ ಪೊರಕೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಎದುರು ನಿಂತು ಎಲ್ಲ ಹೇಳಿದರು. ಸರ್ ಕೆಟ್ಟವರಲ್ಲ. ಖಾಲಾರ ಮೇಲೆ ಅವರಿಗೆ ಅಭಿಮಾನವಿತ್ತು. ಸಮಾಧಾನವಾಗಿ ಹೇಳಿದರು: "ಮ್ಯಾಲ ಮ್ಯಾಲಿಂದು ಹೋಗಿರಬಹುದವ್ವ. ಗಡಿಗಿ ತಳದ ಮಸಿ ಅಷ್ಟು ಹಗುರ ಹೋಗಂಗಿಲ್ಲ."

"ತಳ ಎಲ್ಲಿ ಅದಾವ್ರಿ ಸಾಹೇಬ್ರ? ತೋರಸ್ರಿ ಒಂದು."

ನಾಲ್ಕು ಸಾವಿರ ಚೂರು ನೋಡಿದ ನಾನೂ ಆಗಲೇ ಮೊದಲ ಸಲ ಯೋಚಿಸಿದೆ. ಟ್ರಂಕುಗಳಲ್ಲಿದ್ದವು ಬರೀ ಗಡಿಗೆಯ ಬಾಯಿ, ಕೊರಳು, ನಕ್ಷೆ ಇದ್ದ ಹೊಟ್ಟೆಯ ಚೂರು. ತಳ ಇರಲೇ ಇಲ್ಲ.

"ನೀವೇ ಅಂದ್ರಿ, ಲಾರಿ ಒಂದೇ ಅದ, ಎಲ್ಲಾ ಹಿಡಿಯಂಗಿಲ್ಲ, ಬಾಯಿ ಇದ್ದದ್ದು ನಕ್ಷಿ ಇದ್ದದ್ದು ಇಡ್ರಿ, ಉಳದದ್ದು ಚೆಲ್ರಿ ಅಂತ. ತೊಳೆಯೂದಕ್ಕಿಂತ ಮೊದಲೇ ಆರಿಸಿ ಚೆಲ್ಲಿಸಿದ್ರಿ. ನಾ ತಿಕ್ಕೀನಿ, ನೀವು ಚೆಲ್ಲೀರಿ. ಅನ್ನ ಬೇಯೂದು ತಳದಾಗ ಅಲ್ಲೇನ್ರಿ?"

"ಚೆಲ್ಲಿದ್ದು ಈಗೆಲ್ಲದ? ಅಲ್ಲಿ ತೊಗರಿ ಹೊಲ ಆಗ್ಯದ" ಎಂದರು ಸರ್.

"ನನ್ನ ಮನ್ಯಾಗ ಅದಾವ."

ಆ ವರ್ಷ ಖಾಲಾ ಮನೆಯ ಅಂಗಳಕ್ಕೆ ಶಹಾಬಾದಿ ಫರಸಿ ಕಲ್ಲು ಹಾಸಿದ್ದರಂತೆ. ಕಲ್ಲಿನ ಕೆಳಗೆ ತುಂಬಲು ಮುರುಮು ಬೇಕು. ದಿಬ್ಬದ ಪಕ್ಕ ರಾಶಿ ಬಿದ್ದ ಚೂರುಗಳನ್ನು, ಹೇಗೂ ಚೆಲ್ಲಿದ್ದೇ ಅಲ್ಲವೇ ಎಂದು, ಖಾಲಿ ಹೋಗುತ್ತಿದ್ದ ಒಂದು ಟ್ರ್ಯಾಕ್ಟರಿಗೆ ಹಾಕಿಸಿ ಮನೆಗೆ ಒಯ್ದಿದ್ದರು. ಫರಸಿಯ ಕೆಳಗೆ ಅವು ಹಾಗೇ ಇದ್ದವು.

ಸರ್ ತಲೆ ಅಲ್ಲಾಡಿಸಿದರು. "ಮನಿ ಅಂಗಳದಾಗಿಂದು ಸಾಕ್ಷಿ ಆಗಂಗಿಲ್ಲ. ಯಾವ ಗುಂಡಿ, ಯಾವ ಪದರು ಅಂತ ಗೊತ್ತಿಲ್ಲದ ಚೂರಿಗೆ ವಿಳಾಸ ಇರಂಗಿಲ್ಲ." ಇದು ಸುಳ್ಳಲ್ಲ, ನಮ್ಮ ಶಾಸ್ತ್ರದ ಮೊದಲ ಪಾಠವೇ ಇದು. ಖಾಲಾಗೆ ಆ ಪಾಠ ಯಾರೂ ಹೇಳಿಕೊಟ್ಟಿರಲಿಲ್ಲ. "ವಿಳಾಸ ಕಸಗೊಂಡಾರು ನೀವು, ಈಗ ವಿಳಾಸ ಇಲ್ಲ ಅನ್ನಾರೂ ನೀವು. ಭೇಷ್!" ಎಂದರು.

ಭಾನುವಾರ ನಾನು ವಾಡಿಗೆ ಹೋದೆ. ಯಾಕೆ ಹೋದೆನೋ, ಆಡಿದ ಮಾತಿಗೆ ನಾಚಿಕೆಯಾಗಿ ಮನೆಯಲ್ಲಿ ಕೂರಲಾಗಲಿಲ್ಲ. ಹೋಗುವಷ್ಟರಲ್ಲಿ ಖಾಲಾ ಹಾರೆ ಹಿಡಿದು ಅಂಗಳದಲ್ಲಿ ನಿಂತಿದ್ದರು. ಸೊಸೆ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದಳು. "ಅಮ್ಮಿ, ಹಾಸಿದ ಫರಸಿ ಕೀಳಾಕತ್ತೀರಲ್ಲ, ಶ್ಯಾಣ್ಯಾ ಅದೀರೋ ಇಲ್ಲೋ? ಮಂದಿ ಏನಂತಾರ?" ಖಾಲಾ ಕೇಳಿಸಿಕೊಳ್ಳಲಿಲ್ಲ. ಕಲ್ಲಿನ ಸಂದಿಗೆ ಹಾರೆ ಹೊಗಿಸಿ ಮೀಟಿದರು. ಮೊದಲ ಕಲ್ಲು ಎದ್ದಾಗ ಕೆಳಗೆ ನೆಲ ಕರ್ರಗೆ ಕಂಡಿತು. ತಳಗಳು, ಬರೀ ತಳಗಳು, ಇಪ್ಪತ್ತು ವರ್ಷ ಯಾರೂ ಮುಟ್ಟದವು. ನಾನು ಅಲ್ಲೇ ಕುಕ್ಕರಿಸಿದೆ. ನನಗೆ ಅಳು ಬಂತು, ಪ್ರಬಂಧ ಹೋಯಿತೆಂದೋ, ಸಿಕ್ಕಿತಲ್ಲಾ ಎಂದೋ, ಈಗಲೂ ಸರಿಯಾಗಿ ಹೇಳಲಾರೆ.

ನಾಲ್ಕು ಗೋಣಿಚೀಲ ತುಂಬಿಸಿ, ಉಳಿದವುಗಳ ಮೇಲೆ ಮತ್ತೆ ಕಲ್ಲು ಮುಚ್ಚಿ, ಪ್ಯಾಸೆಂಜರ್ ಗಾಡಿಯಲ್ಲಿ ಶಹಾಬಾದಕ್ಕೆ ತಂದೆವು. ಆಮೇಲೆ ಕೂಡಿಸುವ ಕೆಲಸ. ವಿಳಾಸ ಇಲ್ಲದ ತಳವೊಂದು, ನಂಬರು ಇರುವ ಬಾಯಿಯ ಚೂರಿಗೆ ಕೂಡಿದರೆ ಸಾಕು. ಬಾಯಿಯ ವಿಳಾಸವೇ ತಳದ ವಿಳಾಸ. ನಾನು ಕಣ್ಣಿಂದ ಹುಡುಕಿ ಸೋತೆ. ಖಾಲಾ ಕಣ್ಣು ಮುಚ್ಚಿ, ಒಡೆದ ಅಂಚಿನ ಮೇಲೆ ಬೆರಳು ಆಡಿಸುತ್ತ ಹುಡುಕಿದರು. ಹತ್ತು ದಿನ ಏನೂ ಕೂಡಲಿಲ್ಲ. ಹನ್ನೊಂದನೆಯ ದಿನ "ಬಾ ಇಲ್ಲಿ" ಎಂದರು. ಕೈಯಲ್ಲಿ ಎರಡು ಚೂರು. ಸೇರಿಸಿ ಹಿಡಿದರು, ಕೂದಲು ಹೋಗುವಷ್ಟು ಸಂದಿ ಇರಲಿಲ್ಲ. ಒಡೆದ ಗೆರೆಯ ಮೇಲೆ ಕೆಂಪಗೆ ಚೊಕ್ಕ ಗಡಿಗೆ, ಕೆಳಗೆ ಕರ್ರನೆ ಮಸಿ.

"ಇಲ್ಲಿ ತನಕ ನಾನು" ಎಂದು ಗೆರೆಯ ಮೇಲೆ ಬೆರಳಿಟ್ಟರು. "ಇಲ್ಲಿಂದ ಕೆಳಗ ಆಕಿ." ಆಮೇಲೆ ಮಸಿಯ ನಡುವೆ ಇಳಿದಿದ್ದ ಒಂದು ಕಲೆಯನ್ನು ತೋರಿಸಿದರು. "ಉಕ್ಕಿ ಸುರದದ ನೋಡು. ಹೊರಗ ಕೂಸು ಅತ್ತಿರಬೇಕು, ಎದ್ದು ಹೋಗ್ಯಾಳ."

ಸರ್ ಬಂದು ಆ ಗಡಿಗೆಯನ್ನು ಬಹಳ ಹೊತ್ತು ಹಿಡಿದುಕೊಂಡು ನೋಡಿದರು. ಕೊನೆಗೆ, "ಒಂದು ಗಡಿಗಿ ಸಲುವಾಗಿ ಪುಸ್ತಕ ತಿದ್ದಾಕ ಆಗಂಗಿಲ್ಲ" ಎಂದು ಇಟ್ಟು ಹೋದರು.

ಅವರು ಹೋದ ಮೇಲೆ ಖಾಲಾ ದಾಖಲೆ ಪುಸ್ತಕ ತಂದು ನನ್ನ ಮುಂದೆ ಇಟ್ಟರು. ಓದಲು ಬರುತ್ತಿರಲಿಲ್ಲ, ಆದರೆ ಕೊನೆಯ ಅಂಕಣ ಖಾಲಿ ಇದೆಯೆಂದು ದಿನಾ ಧೂಳು ಒರೆಸುವವರಿಗೆ ಗೊತ್ತಿತ್ತು. "ಇದರಾಗ ಬರಿ."

"ಈ ಗಡಿಗಿ ನಂಬರಿಗಿ ಬರೀತೀನ್ರಿ."

"ಒಂದಕ್ಕಲ್ಲ. ಎಲ್ಲಾನೂ ತಿಕ್ಕೀನಿ. ಎಲ್ಲಾದಕ್ಕೂ ಬರಿ. ನಾಳೆ ಮತ್ಯಾರೋ ಬರ್ತಾರ, ಒಂದು ಪೇಟಿ ತಗದು ನೋಡ್ತಾರ, ನಿನ್ನಂಗೇ ಮೋಸ ಹೋಗ್ತಾರ."

"ನಿಮ್ಮ ಹೆಸರು ಹಾಕ್ಲೇನ್ರಿ?"

ಖಾಲಾ ಯೋಚಿಸಿದರು. "ಹೆಸರು ಬ್ಯಾಡ. ಹೆಸರು ಓದಿ ಯಾರಿಗಿ ಏನು ತಿಳಿತದ? ಕಲಾಯಿಯಾಕಿ ತಿಕ್ಕ್ಯಾಳ ಅಂತ ಬರಿ. ಎಷ್ಟು ತಿಕ್ಕಿರಬೇಕು ಅಂಬೋದು ಗೊತ್ತಾಗತದ." ಅದಕ್ಕೇ ಇಲ್ಲಿಯೂ ಅವರ ಹೆಸರಿಲ್ಲ.

ಬರೆದೆ. ಹದಿನಾರು ದಿನ ಬೇಕಾಯಿತು. ಬೆರಳಿಗೆ ಗುಳ್ಳೆ ಎದ್ದಾಗ ಖಾಲಾ ಅರಿಶಿನ ಹಚ್ಚಿ, "ನಾ ತಿಕ್ಕುವಾಗ ಇದಕ್ಕಿಂತ ದೊಡ್ಡ ಗುಳ್ಳಿ ಬಂದಿದ್ವು, ಸುಮ್ನ ಬರಿ" ಎಂದು ಚಹಾ ಕೊಟ್ಟರು. ಪ್ರಬಂಧದಲ್ಲೂ ಅದನ್ನೇ ಬರೆಯುತ್ತೇನೆ ಎಂದಾಗ ಸರ್ ಸಹಿ ಹಾಕಲಿಲ್ಲ. ಬೇರೆ ಮಾರ್ಗದರ್ಶಕರನ್ನು ಹುಡುಕಿದೆ, ಹೊಸದಾಗಿ ಬರೆದೆ, ಮೂರು ವರ್ಷ ಹೋಯಿತು. ಕಲಾಯಿಯಾಕೆಯ ಮಾತು ಕೇಳಿ ಕೆಟ್ಟಳು ಎಂದು ಗೆಳತಿಯರು ನಕ್ಕರು. ನಗಲಿ. ಮೂರು ವರ್ಷ ನನ್ನವು, ಯಾರಪ್ಪನ ಮನೆಯವೂ ಅಲ್ಲ. ಈಗ ಸೇಡಂನಲ್ಲಿ ಪಾಠ ಮಾಡುವಾಗ ಮಕ್ಕಳಿಗೆ ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ಮುಂದೆ ಇರುವುದನ್ನು ಬಿಡಿ, ಚೆಲ್ಲಿದ್ದು ಏನು, ತೊಳೆದವರು ಯಾರು?

ಆ ಅಂಕಣವನ್ನು ಜಾಗ ತಿನ್ನುತ್ತದೆಂದು ತೆಗೆದುಹಾಕಿದ್ದಾರೆ. ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ಇನ್ನೊಂದು ಬರೆಯುತ್ತೇನೆ. ಮತ್ತೆ ನಾಲ್ಕು ಸಾವಿರ ಸಲ ಬರೆಯಿರಿ ಎಂದರೆ ಅದಕ್ಕೂ ತಯಾರಿದ್ದೇನೆ, ಬೆರಳು ಇನ್ನೂ ಗಟ್ಟಿ ಇವೆ.

ಫೋನ್ ಮಾಡಿದ ಹುಡುಗಿಗೆ, "ಏನೂ ಬರೀಬ್ಯಾಡ, ಮೊದಲು ವಾಡಿಗೆ ಬಾ" ಎಂದೆ. ನಿನ್ನೆ ಬಂದಳು. ಸ್ಟೇಷನ್ನಿನಿಂದ ನೇರ ಖಾಲಾ ಮನೆಗೆ ಕರೆದೊಯ್ದೆ. ಅಂಗಳದಲ್ಲಿ ಎಲ್ಲ ಫರಸಿಗಳೂ ಸಿಮೆಂಟಿನಲ್ಲಿ ಗಟ್ಟಿಯಾಗಿ ಕುಂತಿದ್ದವು, ಬಾಗಿಲ ಬಳಿಯ ಒಂದು ಮಾತ್ರ ಕಾಲಿಟ್ಟ ಕೂಡಲೇ ಅಲ್ಲಾಡಿತು.

"ಇದು ಬಿಟ್ಟು ಉಳದದ್ದಕ್ಕ ಸಿಮಿಟ ಹಾಕಸ್ರಿ ಅಂದಿದ್ರು ಅಮ್ಮಿ" ಎಂದಳು ಸೊಸೆ, ಅವತ್ತು ಕೂಗಾಡಿದವಳೇ. "ಯಾರರ ಕೇಳಾಕ ಬರ್ತಾರ, ಬಂದಾಗ ಒಡಿಯೂದು ಬ್ಯಾಡ ಅಂತ. ಮನ್ನೆ ಮಣ್ಣಿಗಿ ಬಂದಾರು ನಾಕು ಮಂದಿ ಎಡವಿ ಬಿದ್ರು. ಆದ್ರೂ ಹಾಕ್ಸಿಲ್ಲ." ಒಳಗೆ ಹೋಗಿ ಹಾರೆ ತಂದಳು, ತಾನೇ ಮೀಟಿದಳು.

ಹುಡುಗಿ ಮಂಡಿಯೂರಿ ಒಂದು ತಳದ ಚೂರು ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಹೆಬ್ಬೆರಳು ಕಪ್ಪಾಯಿತು.

"ಮೇಡಂ, ಇದು ಇನ್ನೂ ಕೈಗಿ ಹತ್ತಲಿಕತ್ತದ!"

ಸೊಸೆ ರೂಢಿಯಂತೆ ಒದ್ದೆ ಬಟ್ಟೆ ಚಾಚಿದಳು. "ಒರಸಬ್ಯಾಡ" ಎಂದೆ ನಾನು, ತುಸು ಜೋರಾಗಿಯೇ. ಹುಡುಗಿ ಒರೆಸಲಿಲ್ಲ. ಅದೇ ಕೈಯಲ್ಲಿ ನೋಟ್‌ಬುಕ್ ತೆಗೆದಳು. ಹಾಳೆಯ ಅಂಚಿಗೆ ಹೆಬ್ಬೆರಳಿನ ಗುರುತು ಬಿತ್ತು.

"ಆ ಅಂಕಣದಾಗ ಏನಂತ ಬರದಿದ್ರಿ ಮೇಡಂ? ಹೇಳ್ರಿ, ಬರ್ಕೊತೀನಿ."

ನಾಲ್ಕು ಸಾವಿರ ಸಲ ಬರೆದ ಮಾತು, ಮರೆಯುವುದುಂಟೇ? ಹೇಳಿದೆ. "ಮಸಿ ಇತ್ತು. ಕಲಾಯಿಯಾಕೆ ತಿಕ್ಕಿದ್ದಾಳೆ."